ಹನಿ ಎಣಿಸುವವನ ಹಣೆಬರಹ

ಇಂಥವು ನನಗೇ ಯಾಕೆ ಆಗುತ್ತವೋ, ಆಗುತ್ತಲೇ ಇರುತ್ತವೆ. ಸ್ಪ್ರೇಯಿಂದ ಚಿಮ್ಮುವ ನೀರಿನಲ್ಲಿ ದಪ್ಪ ಹನಿ ಎಷ್ಟು, ಸಣ್ಣ ಹನಿ ಎಷ್ಟು ಎಂದು ಮೊದಲೇ ಹೇಳುವ ಸಮೀಕರಣ ಬರೆಯುವುದು ನನ್ನ ಪಿಎಚ್.ಡಿ. ಕೆಲಸ. ಏಳು ವರ್ಷವಾಯಿತು. ಸಮೀಕರಣ ಒಂದು ಹೇಳುತ್ತದೆ, ನೀರು ಇನ್ನೊಂದು ಮಾಡುತ್ತದೆ. ಈ ಟರ್ಮಿನೊಳಗೆ ಒಂದು ಕಡೆಯಾದರೂ ತಾಳೆಯಾಗದಿದ್ದರೆ ಗಂಟುಮೂಟೆ ಕಟ್ಟು ಎಂದು ಗೈಡ್ ಹೇಳಿಬಿಟ್ಟಿದ್ದಾರೆ.

೧. ಮಸಿ ಗಾಜು

ಗಾಜಿನ ಪಟ್ಟಿಗೆ ದೀಪದ ಮಸಿ ಹಿಡಿಸಿ ಸ್ಪ್ರೇ ಎದುರು ಹಿಡಿದರೆ, ಪ್ರತಿ ಹನಿಯೂ ಮಸಿಯಲ್ಲಿ ಗುಂಡನೆ ಗುರುತು ಬಿಡುತ್ತದೆ. ನಾವು ಹನಿ ಅಳೆಯುವುದು ಹಾಗೆ. ಆರು ತಿಂಗಳು ಕೂಡಿಸಿದ ಗಾಜುಗಳನ್ನು ಮೇಜಿನ ಮೇಲಿಟ್ಟು ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ಎಲ್ಲವೂ ಫಳಫಳ ಹೊಳೆಯುತ್ತಿವೆ. ಲ್ಯಾಬು ಗುಡಿಸುವ ಮೌಶಿ, ಇಷ್ಟು ಕೊಳಕು ಇಟ್ಟುಕೊಂಡರೆ ಪಾಸಾಗುವುದು ಹೇಗೆ ಎಂದು ಮರಾಠಿಯಲ್ಲಿ ಗದರಿದರು. ನಾನು ಅಲ್ಲೇ ಕುಳಿತು ಅತ್ತೆ. ಖುಷಿಗೆ ಅಳುತ್ತಿದ್ದೇನೆ ಎಂದುಕೊಂಡು ಅವರು ಮೈಕ್ರೋಸ್ಕೋಪನ್ನೂ ಸೋಪು ಹಾಕಿ ತೊಳೆದುಕೊಟ್ಟರು.

೨. ತಜ್ಞ

ಮಾಟುಂಗದ ಹೋಟೆಲಿನ ಧಣಿ, ಉಡುಪಿ ಕಡೆಯವರು, ಏನು ಕೆಲಸ ಎಂದು ವಿಚಾರಿಸಿದರು. ನೀರಿನ ಹನಿಯ ಬಗ್ಗೆ ಸಂಶೋಧನೆ ಎಂದೆ. ಅವರ ಮುಖ ಅರಳಿತು.

“ಹಾಗಾದ್ರೆ ಒಮ್ಮೆ ಒಳಗೆ ಬನ್ನಿ ಮಾರಾಯ್ರೆ, ನಮ್ಮ ನಲ್ಲಿ ಸೋರ್ತಾ ಉಂಟು.”

ವಾಷರ್ ಬದಲಿಸಿದೆ, ನಿಂತಿತು. ಹನಿಯ ವಿಷಯದಲ್ಲಿ ನಾನು ಈವರೆಗೆ ಸಾಧಿಸಿದ್ದು ಅದೊಂದೇ.

೩. ಇಸ್ತ್ರಿ ಚಾಚಾ

ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಕೆಳಗೆ ಇಸ್ತ್ರಿ ಮಾಡುವ ಚಾಚಾ ಇದ್ದಾರೆ, ಕಲಬುರಗಿ ಕಡೆಯವರು. ಬಾಯಿತುಂಬ ನೀರು ತುಂಬಿಕೊಂಡು, ಮುಂದಿನ ಎರಡು ಹಲ್ಲು ಬಿದ್ದ ಸಂದಿಯಿಂದ ಫುರ್ರೆಂದು ಬಟ್ಟೆಗೆ ಚಿಮುಕಿಸುತ್ತಾರೆ. ಒಂದು ದಿನ ಬದುಕೇ ಸಾಕೆನಿಸಿ, ಅದರ ಎದುರೂ ಒಂದು ಮಸಿ ಗಾಜು ಹಿಡಿದೆ. ಎಣಿಸಿದರೆ ಸಮೀಕರಣ ಹೇಳಿದಷ್ಟೇ ದಪ್ಪ ಹನಿ, ಹೇಳಿದಷ್ಟೇ ಸಣ್ಣ ಹನಿ. ಮೂರು ಸಲ ಎಣಿಸಿದೆ. ಗಾಜನ್ನು ಒಯ್ದು ಗೈಡ್ ಮುಂದಿಟ್ಟೆ.

ಗೈಡ್ ನಂಬಲಿಲ್ಲ. ಹದಿನೈದು ದಿನ ಬಿಟ್ಟು ತಾವೇ ಕ್ಯಾಮೆರಾ ತರುತ್ತೇನೆ, ಕಣ್ಣೆದುರು ಇನ್ನೊಮ್ಮೆ ತಾಳೆಯಾದರೆ ಥೀಸಿಸ್‌ಗೆ ಸಹಿ ಹಾಕುತ್ತೇನೆ ಎಂದರು. ನಾನು ಓಡಿಹೋಗಿ ಚಾಚಾಗೆ ತಿಳಿಸಿದೆ. ದೊಡ್ಡ ಸಾಹೇಬರು ಬರುತ್ತಾರೆ, ನಿಮ್ಮ ಬಾಯಿಯ ಫೋಟೋ ತೆಗೆಯುತ್ತಾರೆ, ನನ್ನ ಬದುಕು ನಿಮ್ಮ ಬಾಯಲ್ಲಿದೆ ಎಂದೂ ಹೇಳಿದೆ.

ಆ ದಿನ ಗೈಡ್ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ನಿಲ್ಲಿಸಿದರು. ನಾನು ಗಾಜು ಹಿಡಿದು ನಿಂತೆ. ಚಾಚಾ ತಲೆ ಬಾಚಿಕೊಂಡು, ನೀರಿನ ಚೊಂಬು ಎತ್ತಿಕೊಂಡು, ನನ್ನತ್ತ ತಿರುಗಿ ಬಾಯಿತುಂಬ ನಕ್ಕರು. ಹಲ್ಲುಗಳು ಒಂದೂ ಸಂದಿಯಿಲ್ಲದಂತೆ ಸಾಲಾಗಿ, ಬೆಳ್ಳಗೆ ಇದ್ದವು.

“ಫೋಟೋ ಅಂದ್ರಲ್ರೀ ಸಾಬ್, ಅದಕ್ಕ ಎರಡೂ ಹಲ್ಲ ಕೂಡಿಸ್ಕೊಂಡ ಬಂದೀನಿ. ನಿಮ್ಮ ಮರ್ಯಾದಿ ಹೋಗಬಾರ್ದು ನೋಡ್ರಿ. ಡಾಕ್ಟರ್ ಅಂದಾರ, ಇನ್ನ ಸಾಯೋತನಕ ಅಲ್ಲಾಡಂಗಿಲ್ಲ.”