ಕಾಕೂನ ದಾವಣಿಯ ಕೊನೆಯ ಕುಣಿಕೆ

ಮೊದಲು ನನ್ನ ಮರ್ಯಾದೆಯನ್ನು ನಾನೇ ಕಳೆದುಕೊಂಡು ಬಿಡುತ್ತೇನೆ. ಬೇರೆಯವರಿಗೆ ಆ ಶ್ರಮ ಬೇಡ. ಕಾಲೇಜು ಮುಗಿಸಿ, ಮೀಸೆ ತಿದ್ದಿಕೊಂಡು, ಬೆಲ್ ಬಾಟಮ್ ತೊಟ್ಟು ತಿರುಗುವ ವಯಸ್ಸಿನಲ್ಲಿ, ಸೋಲಾಪುರದ ನವಿ ಪೇಠದ ನಟ್ಟನಡುವೆ, ಎರಡು ಮೂರು ವರ್ಷದ ಕೂಸುಗಳ ಸಾಲಿನ ಹಿಂದೆ, ದನ ಕಟ್ಟುವ ಹಗ್ಗದ ಕುಣಿಕೆ ಹಿಡಿದು ದಿನಾ ಸಂಜೆ ನಡೆದವನು ನಾನು. ನನ್ನ ಕ್ಲಾಸಿನಲ್ಲಿದ್ದ ಹುಡುಗಿಯರು ಸೀರೆ ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡಿದ್ದಾರೆ. ಒಬ್ಬಳು ಕೈ ಬೀಸಿದಳು. ನಾನೂ ಬೀಸಿದೆ. ಅವಳು ಬೀಸಿದ್ದು ನನ್ನ ಮುಂದಿದ್ದ ಕೂಸಿಗೆ. ಸಾಲದ್ದಕ್ಕೆ, ಕುಣಿಕೆಯಿಂದ ಕೈ ತೆಗೆದೆನೆಂದು ಸಾಲಿನ ಮುಂದಿನಿಂದ ಬೈಗುಳ ಬೇರೆ.

ನನ್ನನ್ನು ಹೀಗೆ ಹಗ್ಗಕ್ಕೆ ಹಚ್ಚಿದವಳು ನನ್ನ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ. ಸಾಕ್ಷಾತ್ ಯಮನೇ ಬಾಗಿಲಿಗೆ ಬಂದರೂ "ಕೋಣ ಹೊರಗ ಕಟ್ರಿ, ಕೈಕಾಲು ತೊಳಕೊಂಡು ಬರ್ರಿ" ಎನ್ನುವ ಹೆಂಗಸು. ಯಮ ಬರಲಿಲ್ಲ, ಸರಕಾರ ಬಂತು. ಅದನ್ನೂ ಹೊರಗೇ ನಿಲ್ಲಿಸಿದಳು. ಆ ಕತೆಗೇ ಬರುತ್ತಿದ್ದೇನೆ.

ನಾನು ಈ ಮನೆಗೆ ಸೇರಿದ್ದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇನೆ. ನಾನು ಸಣ್ಣ ಕೂಸಿದ್ದಾಗ ಅವ್ವ ನನ್ನನ್ನು ಕರೆದುಕೊಂಡು ಅಕ್ಕಲಕೋಟೆಯಿಂದ ಸೋಲಾಪುರದ ದವಾಖಾನೆಗೆ ಬಂದಳು. ಬಾಗಿಲಲ್ಲಿ ನನ್ನ ಕೈಯನ್ನು ಕಾಕೂನ ಕೈಯಲ್ಲಿಟ್ಟು, "ಸ್ವಲ್ಪ ಹಿಡಕೊ, ಬಂದೆ" ಎಂದು ಒಳಗೆ ಹೋದಳು. ಅಲ್ಲಿಯೇ ತೀರಿಕೊಂಡಳು. ಅಪ್ಪ ಅಕ್ಕಲಕೋಟೆಯಲ್ಲಿ ಹೊಲ ನೋಡಿಕೊಂಡು ಉಳಿದರು. ನಾನು ನವಿ ಪೇಠದಲ್ಲಿ ಕಾಕಾನ ಬಟ್ಟೆ ಅಂಗಡಿಯ ಮೇಲಿನ ಮನೆಯಲ್ಲಿ ಬೆಳೆದೆ. ಇರಲಿ, ಇದು ನಗಿಸುವ ಲೇಖನ.

ಕಾಕು ಹನ್ನೂರಿನ ಒಕ್ಕಲು ಮನೆಯವಳು. ತವರಿನಲ್ಲಿ ಸಂಜೆ ಎಷ್ಟು ದನ ಹೋಗಿದ್ದವೋ ಅಷ್ಟೂ ಕೊಟ್ಟಿಗೆಗೆ ಬರುವ ತನಕ ಯಾರೂ ತಾಟಿನ ಮುಂದೆ ಕೂಡುತ್ತಿರಲಿಲ್ಲವಂತೆ. ಮದುವೆಯಾಗಿ ಪೇಠೆಗೆ ಬಂದಳು. ಇಲ್ಲಿ ಎಣಿಸಲು ದನವಿರಲಿಲ್ಲ. ಆದರೆ ಅಂಗಡಿಯ ಹಿಂದಿನ ಓಣಿಯಲ್ಲಿ ಕೂಸುಗಳಿದ್ದವು. ತಾಯಂದಿರು ಕೆಲವರು ಬೀಡಿ ಕಟ್ಟಲು, ಕೆಲವರು ಗಿರಣಿಗೆ. ಕೂಸುಗಳು ಗಟಾರದ ದಂಡೆಯಲ್ಲಿ. ಒಂದು ದಿನ ಒಂದು ಕೂಸು ತೆವಳುತ್ತಾ ಬಂದು ಕಾಕಾನ ಗೋದಾಮಿನ ಅರಿವೆ ಗಂಟುಗಳ ನಡುವೆ ನಿದ್ದೆ ಹೋಯಿತು. ಅದರ ತಾಯಿ ಇಡೀ ಓಣಿ ಹುಡುಕಿ ಅಳುತ್ತಾ ಬಂದಳು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಕಾಕು ಅಂದಳು:

"ಏನ್ರಿ, ನಾಳಿಗಿ ಗೋದಾಮು ಖಾಲಿ ಮಾಡ್ರಿ."

"ಮಾಲ ಎಲ್ಲಿ ಇಡ್ಲಿ?"

"ಮಾಲ ತಾನ ಎದ್ದು ಗಟಾರಿಗೆ ಹೋಗಂಗಿಲ್ಲ. ಎಲ್ಲಿ ಇಟ್ರೂ ಇರ್ತದ."

ಹೀಗೆ ಬಾಲವಾಡಿ ಹುಟ್ಟಿತು, ಕಾಕು ಓಣಿಗೆಲ್ಲ 'ಬಾಯಿ', ಅಂದರೆ ಅಕ್ಕೋರು, ಆದಳು. ಮಾಲು ನಮ್ಮ ಮಂಚದ ಕೆಳಗೆ, ಮೇಲೆ, ಕೆಲವೊಮ್ಮೆ ಮಂಚದ ಬದಲಿಗೆ ಬಂತು.

ಬಾಲವಾಡಿಗೆ ಸರಕಾರದ ಪರವಾನಗಿ ಬೇಕು, ಅದಕ್ಕೆ ನಿಯಮಗಳಿವೆ ಎಂದು ಯಾರೋ ಒಂದು ಮರಾಠಿ ಪುಸ್ತಿಕೆ ತಂದುಕೊಟ್ಟರು. ಕುಡಿಯುವ ನೀರಿಗೆ ಮುಚ್ಚಳ, ಕಿಡಕಿಗೆ ಸರಳು, ಆಟಕ್ಕೆ ಹೊತ್ತು, ನಿದ್ದೆಗೆ ಹೊತ್ತು, ಸಣ್ಣ ಸಾಮಾನು ಕೂಸಿನ ಬಾಯಿಗೆ ಹೋಗದಂತೆ ಜೋಪಾನ. ನಾನು ಅಧಿಕಾರಿಯ ದನಿ ತೆಗೆದು ಓದಿದೆ. ಕಾಕು ಕೇಳಿ, "ಇಷ್ಟ ಏನು? ದೊಡ್ಡವ್ರಿಗೆ ಏನೂ ಕಾಯದಾ ಇಲ್ಲೇನು?" ಎಂದಳು. ಇಲ್ಲ ಎಂದೆ. "ಹಂಗಾರ ಅದನ್ನ ನಾ ಮಾಡ್ತೀನಿ."

ಮಾಡಿದಳು. ಗೋದಾಮಿನ ಹೊಸ್ತಿಲು ದಾಟುವ ಯಾರೇ ಆಗಲಿ ಜೇಬು ಖಾಲಿ ಮಾಡಿ ಗೋಡೆಯ ಗೂಡಿನಲ್ಲಿ ಇಡಬೇಕು. ಕಡ್ಡಿಪೆಟ್ಟಿಗೆ, ಬೀಡಿ, ಅಡಕೊತ್ತು, ಗುಂಡುಸೂಜಿ, ಎಲ್ಲ. ಆಮೇಲೆ ಗುಂಡಿ ಪರೀಕ್ಷೆ: ಅಂಗಿಯ ಒಂದೊಂದು ಗುಂಡಿಯನ್ನೂ ಕಾಕು ಜಗ್ಗಿ ನೋಡುತ್ತಾಳೆ. ಸಡಿಲಿದ್ದರೆ ನಿಂತಲ್ಲೇ ಸೂಜಿ ದಾರ. ಕಾಕಾನ ಹಳೆಯ ಗಿರಾಕಿಯೊಬ್ಬರು ಸುಮ್ಮನೆ ಕೂಸುಗಳನ್ನು ನೋಡಿ ಹೋಗೋಣವೆಂದು ಇಣುಕಿ, ಕೋಟಿನ ಗುಂಡಿ ಮೂರೂ ಭದ್ರ ಮಾಡಿಸಿಕೊಂಡು ಹೊರಬಂದರು. ಮರುದಿನ ಮನೆಯವರೆಲ್ಲರ ಅಂಗಿ ಗಂಟು ಕಟ್ಟಿಕೊಂಡು ಬಂದರು. ಪುಕ್ಕಟೆ ಸೇವೆಯನ್ನು ಪೇಠೆಯಲ್ಲಿ ಯಾರು ಬಿಡುತ್ತಾರೆ?

ನಿದ್ದೆಯ ಹೊತ್ತಿನ ಕಾಯದೆ ಇನ್ನೂ ಘೋರ. ಮಧ್ಯಾಹ್ನ ಕೂಸುಗಳು ಮಲಗಿದ ಮೇಲೆ ಗಿರಣಿಯ ಭೋಂಗಾ, ಅಂದರೆ ಸೈರನ್ನು, ಕೂಗುವ ತನಕ ಕಾಕಾನ ಅಂಗಡಿಯಲ್ಲಿ ಅರಿವೆ ಹರಿಯುವಂತಿಲ್ಲ. ಬಟ್ಟೆ ಅಂಗಡಿಯಲ್ಲಿ! ಥಾನಿಗೆ ತುದಿಯಲ್ಲಿ ಕತ್ತರಿಯ ಒಂದು ಗಾಯ ಕೊಟ್ಟು, ಎರಡು ಕೈಯಲ್ಲಿ ಹಿಡಿದು ಪರ್‍ರ್ ಎಂದು ಎಳೆಯದೆ ವ್ಯಾಪಾರಿಗೆ ವ್ಯಾಪಾರ ಮಾಡಿದಂತೆಯೇ ಅನಿಸುವುದಿಲ್ಲ. ಕಾಕಾ ಪಾಪ ಕಳ್ಳನಂತೆ ಕತ್ತರಿ ಆಡಿಸಬೇಕಾಯಿತು. ದರದ ಮಾತೂ ಪಿಸುದನಿಯಲ್ಲಿ. ಆಗ ಒಂದು ವಿಚಿತ್ರ ಕಂಡಿತು. ಪಿಸುದನಿಯಲ್ಲಿ ದರ ಹೇಳಿದರೆ ಗಿರಾಕಿಗೆ ಇದು ತನಗೊಬ್ಬನಿಗೇ ಕೊಟ್ಟ ಗುಟ್ಟಿನ ದರ ಅನಿಸಿ, ಚೌಕಾಶಿ ಮಾಡದೆ ಒಯ್ಯುತ್ತಿದ್ದ! ಕಾಕಾ ಆಮೇಲಾಮೇಲೆ ಕೂಸುಗಳು ಎದ್ದ ಮೇಲೂ ಪಿಸುಗುಟ್ಟುವುದನ್ನು ಬಿಡಲಿಲ್ಲ.

ಎಲ್ಲಕ್ಕಿಂತ ಮೇಲಿನದು ಕೈಯ ಕಾಯದೆ. ಬೆಳಿಗ್ಗೆ ಯಾವ ಕೈ ಕೂಸನ್ನು ಕೊಟ್ಟಿತೋ ಸಂಜೆ ಅದೇ ಕೈಗೆ ಕೂಸು. ಅಪ್ಪ ಬರಲಿ, ಅಜ್ಜ ಬರಲಿ, ಬೆಳಿಗ್ಗೆ ಕೊಟ್ಟವರು ಅವರಲ್ಲದಿದ್ದರೆ ಇಲ್ಲ. ಸಂಜೆ ನೂಕುನುಗ್ಗಲಿನಲ್ಲಿ ಕದ ತೆರೆದಿಟ್ಟರೆ ಕೂಸುಗಳು ಜಾರುತ್ತವೆಂದು ಕದದಲ್ಲಿ ಒಂದು ಕಿಂಡಿ ಕೊರೆಸಿದ್ದಳು. ತಾಯಂದಿರು ಅದರೊಳಗೆ ಕೈ ಹಾಕಬೇಕು. ಕಾಕು ಅಂಗೈ ನೋಡಿ, ಬೀಡಿ ಎಲೆಯ ಕಲೆ, ನೂಲು ಕೊಯ್ದ ಗೆರೆ ಗುರುತು ಹಿಡಿದು, ಆಮೇಲೆ ಕದ ತೆರೆಯುತ್ತಿದ್ದಳು.

"ಮಾರಿ ನೋಡಿದ್ರ ಆಗೂದಿಲ್ಲೇನು?" ಎಂದು ಕೇಳಿದ್ದೆ.

"ಮಾರಿ ಎಲ್ಲಾರೂ ತಿದ್ದಕೋತಾರ. ಕೈ ಯಾರ ತಿದ್ದಕೋತಾರ?"

ಇಲ್ಲಿ ನನ್ನ ಪ್ರವೇಶ. ನಾನು ಊರಿಗೆಲ್ಲ ಗೊತ್ತಿದ್ದ ನಕಲಿ. ಯಾರ ದನಿ ಬೇಕಾದರೂ ತೆಗೆಯುತ್ತಿದ್ದೆ; ನನ್ನ ದನಿ ಯಾವುದೆಂದು ನನಗೇ ಮರೆತು ಹೋಗಿತ್ತು. ಚಹಾದ ಹೋಟೆಲಿನಲ್ಲಿ ಗೆಳೆಯರ ಜೊತೆ ಪಣ ಬಿತ್ತು: ಕಾಕೂಗೆ ಮೋಸ ಮಾಡಿ ಕದ ತೆರೆಸಬೇಕು. ಗುರುಬಸ್ಯಾ ಎಂಬ ಕೂಸಿನ ಅಜ್ಜ ಮಗ್ಗದವರು. ಆ ದಿನ ಮೊಮ್ಮಗನನ್ನು ಬಿಟ್ಟು ಹೋದವರು ಅವರೇ. ಅವರ ಕೆಮ್ಮು ನನ್ನ ಬಳಿ ತಯಾರಿತ್ತು. ಹೋಗಿ ಕದದ ಹೊರಗೆ ನಿಂತು ಕೆಮ್ಮಿದೆ.

"ಬಾಯಿ, ನಮ್ಮ ಗುರುಬಸ್ಯಾನ ಕೊಡ್ರಿ. ಊರಿಗಿ ಹೊಂಟೀವಿ."

"ಬರ್ರಿ ಅಜ್ಜಾರ. ಕೈ ಹಾಕ್ರಿ."

ದನಿ ಪಾಸಾಗಿತ್ತು. ಆ ಉಬ್ಬಿನಲ್ಲಿ ಕೈ ಹಾಕಿಬಿಟ್ಟೆ.

"ಯಾಕ್ರಿ ಅಜ್ಜಾರ, ಮುಂಜಾನಿ ಅಂಗೈಯಾಗ ಇದ್ದ ಮಗ್ಗದ ಜಡ್ಡುಗೋಳು ಮಧ್ಯಾಹ್ನದಾಗ ಎಲ್ಲಿ ಹೋದ್ವು? ಇದು ಬರೇ ಚಾದ ಬಶಿ ಎತ್ತಿದ ಕೈ ಕಾಣಸ್ತದ."

ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಮಣಿಕಟ್ಟಿಗೆ ಒಂದು ಕುಣಿಕೆ ಬಿದ್ದಿತ್ತು. ಭೋಂಗಾ ಕೂಗುವ ತನಕ ಕಿಂಡಿಗೆ ಸಿಕ್ಕಿಕೊಂಡು ನಿಂತೆ. ಗೆಳೆಯರು ಹೋಟೆಲಿನಿಂದ ಚಹಾ ತರಿಸಿ ನನ್ನೆದುರು ನಿಂತು ಕುಡಿದರು. ಕದ ತೆರೆದಾಗ ಕಾಕು ಬಯ್ಯಲಿಲ್ಲ.

"ಕೂಸಿನ ಆಟ ಆಡಾಂವ ಕೂಸಿನ ಸಾಲಿನ್ಯಾಗ ಇರಬೇಕು. ನಾಳಿಂದ ನಿನ್ನ ಹೆಸರು ಹಜೇರಿನ್ಯಾಗ."

ನಿಜಕ್ಕೂ ಬರೆದಳು. ದಿನಾ ಕೂಗುತ್ತಿದ್ದಳು. ನಾನು ದಿನಕ್ಕೊಬ್ಬರ ದನಿಯಲ್ಲಿ ಹಾಜರ್ ಎನ್ನುತ್ತಿದ್ದೆ. ಕೂಸುಗಳಿಗೆ ಅದು ಪರಮ ಸಂತೋಷ. ಸಂಜೆ ಬಯಲಿಗೆ ಆಡಲು ಹೋಗುವಾಗ ಸಾಲಿನ ಕೊನೆಯ ಕುಣಿಕೆ ನನ್ನದು. ಹಗ್ಗ ಬೇರೇನಲ್ಲ, ಹನ್ನೂರಿನ ಕೊಟ್ಟಿಗೆಯ ದಾವಣಿ. ದನಗಳನ್ನು ಸಾಲಾಗಿ ಕಟ್ಟುವ ಉದ್ದನೆಯ ಹಗ್ಗ, ನಡುನಡುವೆ ಕುಣಿಕೆ. ಕಾಕು ಅದನ್ನು ಕುದಿಸಿ, ಒಣಗಿಸಿ, ಕುಣಿಕೆಗಳಿಗೆ ಮೆತ್ತಗಿನ ಅರಿವೆ ಸುತ್ತಿದ್ದಳು. ಯಾವ ಕೂಸನ್ನೂ ಕಟ್ಟುತ್ತಿರಲಿಲ್ಲ, ಕೂಸೇ ಹಿಡಿಯಬೇಕು. ಮುಂದೆ ನಿಂತು ಕಾಕು ಎತ್ತು ನಿಲ್ಲಿಸುವ ಒಕ್ಕಲಿಗರಂತೆ "ಹೋ… ಹೋ" ಎಂದರೆ ಎಲ್ಲರೂ ಗೋಡೆಗೆ ಬೆನ್ನು ಹಚ್ಚಿ ಕುಕ್ಕರಗಾಲಿನಲ್ಲಿ ಕೂಡಬೇಕು. ಎಷ್ಟು ರೂಢಿಯಾಗಿತ್ತೆಂದರೆ, ಒಮ್ಮೆ ಸಿನೆಮಾ ಥಿಯೇಟರಿನ ಕ್ಯೂನಲ್ಲಿ ಹಿಂದೆ ಯಾರೋ ಹೋ ಎಂದರು, ನಾನು ಕೂತೆ.

ಈ ದಾವಣಿಯೇ ಕುತ್ತಿಗೆಗೆ ಬಂತು. ಪಕ್ಕದ ಬಟ್ಟೆ ಅಂಗಡಿಯ ವ್ಯಾಪಾರಿಗೆ, ಕಾಕು ತನಗೂ ಮಧ್ಯಾಹ್ನ ಅರಿವೆ ಹರಿಯಲು ಬಿಡುತ್ತಿಲ್ಲವೆಂಬ ಸಿಟ್ಟಿತ್ತು. ಅವರು ಸರಕಾರಕ್ಕೆ ತಕರಾರು ಬರೆದರು: ಇಲ್ಲಿ ಕೂಸುಗಳನ್ನು ದನದಂತೆ ಹಗ್ಗಕ್ಕೆ ಕಟ್ಟುತ್ತಾರೆ. ಪರವಾನಗಿಯ ಅರ್ಜಿ ಅಲ್ಲಿಗೇ ನಿಂತಿತು. ತಪಾಸಣೆಗೆ ಸಾಹೇಬರು ಬರುತ್ತಾರೆ, ಒಪ್ಪಿದರೆ ಮಂಜೂರು, ಇಲ್ಲವಾದರೆ ಬಾಲವಾಡಿಗೆ ಕೀಲಿ. ಸುದ್ದಿ ಕೇಳಿ ಬೀಡಿ ಕಟ್ಟುವ ತಾಯಿಯೊಬ್ಬಳು ಕಿಂಡಿಯಲ್ಲಿ ಕೈಯಿಟ್ಟವಳು ತೆಗೆಯಲೇ ಇಲ್ಲ.

"ಬಂದ್ ಆದ್ರ ಇಕಿನ್ನ ಮತ್ತ ತಂಬಾಕದ ಬುಟ್ಟಿ ಮಗ್ಗಲಾನ ಮಲಗಸಬೇಕಲ್ಲ ಬಾಯಿ. ಈಗ ಕೆಮ್ಮ ನಿಂತದ ಇಕಿಗಿ."

ಕಾಕು ಆ ಕೈಯನ್ನು ಹಿಡಿದುಕೊಂಡೇ ನಿಂತಿದ್ದಳು.

ಸಾಹೇಬರು ಬಂದದ್ದು ಸರಿಯಾಗಿ ನಿದ್ದೆಯ ಹೊತ್ತಿಗೆ. ತೆಳ್ಳಗಿನ ಮನುಷ್ಯ, ದಪ್ಪ ಫೈಲು, ಅಚ್ಚ ಪುಣೆಯ ಮರಾಠಿ. ಅವರ ಮರಾಠಿಯನ್ನು ನಿಮಗಾಗಿ ಕನ್ನಡದಲ್ಲಿ ಕೊಡುತ್ತಿದ್ದೇನೆ. "ನಾನು ತಪಾಸಣೆಗೆ ಬಂದಿದ್ದೇನೆ" ಎಂದರು. ಕಾಕು ತುಟಿಗೆ ಬೆರಳಿಟ್ಟು, ಹೊರಗಿನ ಬೆಂಚು ತೋರಿಸಿ, ಕದ ಹಾಕಿದಳು. ಸರಕಾರ ಭೋಂಗಾ ಕೂಗುವ ತನಕ ಬಿಸಿಲಲ್ಲಿ ಕೂತಿತು. ಕಾಕಾ ಓಡಿ ಬಂದು ಅವರಿಗೆ ಪಿಸುದನಿಯಲ್ಲಿ ಚಹಾ ಕೇಳಿದರು. ಸಾಹೇಬರೂ ಪಿಸುದನಿಯಲ್ಲೇ ಬೇಡವೆಂದರು.

ಭೋಂಗಾ ಆಯಿತು. ಕದ ತೆರೆಯಿತು. ಜೇಬು ಖಾಲಿಯಾಯಿತು. ಪೆನ್ನು ಕೂಡ ಗೂಡು ಸೇರಿತು. ಕಾಕು ಸಾಹೇಬರ ಅಂಗಿಯ ಗುಂಡಿ ಜಗ್ಗಿದಳು. ಎರಡನೆಯದು ಅವಳ ಕೈಗೇ ಬಂತು.

"ಸಾಹೇಬ್ರ, ಇದು ಕೂಸಿನ ಗಂಟಲದಾಗ ಹೋಗಿದ್ರ ತಕರಾರು ಯಾರ ಮ್ಯಾಲ ಬರಿತಿದ್ರಿ?"

ತಪಾಸಣಾ ಅಧಿಕಾರಿ ಕುತ್ತಿಗೆ ಮೇಲೆತ್ತಿ ನಿಂತು ಗುಂಡಿ ಹಚ್ಚಿಸಿಕೊಂಡರು. ಆಮೇಲೆ ನೀರು ನೋಡಿದರು, ಸರಳು ನೋಡಿದರು, ತಪ್ಪು ಸಿಗಲಿಲ್ಲ. ಕೊನೆಗೆ ಗೂಟದ ಮೇಲಿನ ದಾವಣಿ ನೋಡಿ ಮುಖ ಗಂಟಿಕ್ಕಿದರು. "ದನದ ಹಗ್ಗ. ಇದನ್ನು ಒಪ್ಪಲು ಬರುವುದಿಲ್ಲ."

"ಒಪ್ಪಬ್ಯಾಡ್ರಿ. ಜೋಡಿ ಬಂದು ನೋಡ್ರಿ, ಆಮ್ಯಾಲ ಒಪ್ಪಬ್ಯಾಡ್ರಿ."

ಹೊರಟೆವು. ಮುಂದೆ ಕಾಕು, ನಡುವೆ ಕೂಸುಗಳು, ಕೊನೆಗೆ ಮೀಸೆ ಹೊತ್ತ ನಾನು, ಪಕ್ಕದಲ್ಲಿ ಏನನ್ನೂ ಹಿಡಿಯದ ಸರಕಾರ. ಪೇಠೆ ತುಂಬಿತ್ತು. ಎದುರಿನಿಂದ ಸಿನೆಮಾ ಜಾಹೀರಾತಿನ ಟಾಂಗಾ ಬರುತ್ತಿತ್ತು. ಅದರ ಧ್ವನಿವರ್ಧಕ ಒಮ್ಮೆಲೆ ಕಿವಿ ಹರಿಯುವಂತೆ ಕಿರುಚಿತು. ತನ್ನ ಬೆನ್ನ ಹಿಂದಿನ ಆ ಸದ್ದಿಗೆ ಕುದುರೆ ಬೆದರಿ ಕಿತ್ತುಕೊಂಡು ಓಡತೊಡಗಿತು. ಜನ ಚೆಲ್ಲಾಪಿಲ್ಲಿ. ಕಾಕು ಕೂಗಲಿಲ್ಲ. ಹನ್ನೂರಿನ ದನಿಯಲ್ಲಿ ಅಂದಳು: "ಹೋ… ಹೋ."

ಅಷ್ಟೇ. ಇಡೀ ಸಾಲು ಗೋಡೆಗೆ ಬೆನ್ನು ಹಚ್ಚಿ ಕೂತಿತು. ಒಂದು ಕೂಸೂ ಕುಣಿಕೆ ಬಿಡಲಿಲ್ಲ. ನಾನೂ ಕೂತೆ, ಯಾವಾಗ ಕೂತೆನೆಂದು ನನಗೇ ತಿಳಿಯಲಿಲ್ಲ. ಬೀದಿಯ ನಡುವೆ ಉಳಿದವರು ಒಬ್ಬರೇ, ಫೈಲು ಎದೆಗೆ ಅಪ್ಪಿಕೊಂಡ ಸಾಹೇಬರು. ಆಗ ನನ್ನ ಮುಂದಿದ್ದ ಗುರುಬಸ್ಯಾ ಅಂದ:

"ಏ ಸಾಹೇಬ, ಕುಣಿಕಿ ಹಿಡಿ."

"ಅಯ್ಯಯ್ಯೋ ಯವ್ವಾ!" ಎಂದು ಸಾಹೇಬರು ಜಿಗಿದು ಬಂದು ನನ್ನ ಕುಣಿಕೆಯನ್ನೇ ಹಿಡಿದು ಕುಸಿದರು. ಟಾಂಗಾ ಅವರು ನಿಂತಿದ್ದ ಜಾಗದ ಮೇಲೆ ಹಾದುಹೋಯಿತು. ಪುಣೆಯ ಮರಾಠಿಯೂ ಅದರ ಜೊತೆ ಹೋಯಿತು. ಸಾಹೇಬರು ನಮ್ಮ ಕಡೆಯದೇ ಕನ್ನಡ ಹಳ್ಳಿ ಸಲಗರ ಬುದ್ರುಕದವರೆಂದು ಆಮೇಲೆ ತಿಳಿಯಿತು. ಕುದುರೆ ಮುಂದೆ ಚೌಕದಲ್ಲಿ ತಾನೇ ನಿಂತಿತು. ಸಾಹೇಬರು ನನ್ನ ಕಿವಿಯಲ್ಲಿ ಕೇಳಿದರು:

"ಈಗ ಏಳಲೇನು?"

"ಬಾಯಿ ಹೇಳೂ ಮಟಾ ಇಲ್ರಿ."

ಇಬ್ಬರೂ ಒಂದೇ ಕುಣಿಕೆ ಹಿಡಿದು ಗೋದಾಮಿಗೆ ಮರಳಿದೆವು. ಆ ವೇಳೆಗೆ ಓಣಿಯ ತಾಯಂದಿರೆಲ್ಲ ಬಂದು ಕದದ ಹೊರಗೆ ನಿಂತಿದ್ದರು. ಸಾಹೇಬರು ಗೂಡಿನಿಂದ ಪೆನ್ನು ತಾವೇ ಕೇಳಿ ಪಡೆದರು. ಮಂಜೂರಾತಿಯ ಕಾಗದದಲ್ಲಿ ದಾವಣಿಯ ಹೆಸರಿನ ಎದುರು "ಉತ್ತಮ" ಎಂದು ಬರೆದರು. ಮಂಜೂರಾತಿಯ ಆ ಕಾಗದ ಇಂದಿಗೂ ಕಾಕಾನ ಅಂಗಡಿಯಲ್ಲಿ ಚೌಕಟ್ಟು ಹಾಕಿಸಿಕೊಂಡು ತೂಗುತ್ತಿದೆ. ತಕರಾರು ಬರೆದ ವ್ಯಾಪಾರಿಯೂ ಈಗ ಮಧ್ಯಾಹ್ನ ಕತ್ತರಿಯನ್ನೇ ಆಡಿಸುತ್ತಾರೆ, ಪಿಸುದನಿಯಲ್ಲೇ ದರ ಹೇಳುತ್ತಾರೆ. ಆ ಕಾಗದದಲ್ಲಿ ಎಲ್ಲ ಅಕ್ಷರ ಮುತ್ತಿನಂತಿವೆ, ಸಹಿ ಮಾತ್ರ ಸ್ವಲ್ಪ ಅಲುಗಿದೆ. ಕುದುರೆಯ ಹೆದರಿಕೆ ಇನ್ನೂ ಇಳಿದಿರಲಿಲ್ಲವೆಂದು ಕಾಕಾ ಹೇಳುತ್ತಾರೆ. ಅದಲ್ಲ. ನಾನು ಅಲ್ಲೇ ಇದ್ದೆ.

ಸಹಿ ಮಾಡುವ ಮೊದಲು ಸಾಹೇಬರು ಹಜೇರಿಯ ಮೇಲೆ ಕೊನೆಯ ಸಲ ಕಣ್ಣಾಡಿಸಿದರು. ಎಲ್ಲ ಹೆಸರಿನ ಕೆಳಗೆ ನನ್ನ ಹೆಸರು. ಒಮ್ಮೆ ಹೆಸರು ನೋಡಿದರು, ಒಮ್ಮೆ ನನ್ನ ಮೀಸೆ ನೋಡಿದರು.

"ಬಾಯಿ, ಕಾಯದೆ ಪ್ರಕಾರ ಇಲ್ಲಿ ಸಣ್ಣ ಕೂಸುಗಳಷ್ಟ ಇರಬೇಕು. ಇಂವ ದೊಡ್ಡಾಂವ ಆಗ್ಯಾನ. ಇವನ ಹೆಸರು ತಗದು, ಇವನ್ನ ಬಿಟ್ಟುಬಿಡ್ರಿ. ಈಗ ಸಹಿ ಮಾಡ್ತೀನಿ."

ಕಾಕು ದಾವಣಿ ಸುತ್ತುತ್ತಾ ಇದ್ದಳು, ತಲೆ ಎತ್ತಲಿಲ್ಲ. ಅವಳ ಎಲ್ಲ ಮಾತನ್ನೂ ನಾನು ಊರಿಗೆಲ್ಲ ಅವಳದೇ ದನಿಯಲ್ಲಿ ಆಡಿ ತೋರಿಸುತ್ತೇನೆ. ಈ ಒಂದು ಮಾತು ನನ್ನ ಗಂಟಲಲ್ಲಿ ಬರುವುದಿಲ್ಲ. ಅದಕ್ಕೇ ಬರೆದು ಕೊಡುತ್ತಿದ್ದೇನೆ:

"ನಿಮ್ಮ ಕಾಯದಾ ಬರೋಬರ ಅದರಿ ಸಾಹೇಬ್ರ. ಆದ್ರ ಇವನ್ನ ನನ್ನ ಕೈಯಾಗ ಕೊಟ್ಟಾಕಿ ಇನ್ನಾ ಒಯ್ಯಾಕ ಬಂದಿಲ್ಲ. ನಾ ಹೆಂಗ ಬಿಡ್ಲಿ?"