ಅಮಾತೆಪ್ಪನವರ ಹೊಟ್ಟೆಪಟ್ಟಿ ಮತ್ತು ಬೀಗರ ಮನೆಯ ಎರಡನೆಯ ಹೋಳಿಗೆ

ಸಂಖ್ಯೆ: ಹೊ.ಪ./ಬಿಗಿ/ಸಡಿಲು/೭/೧೯೮೮–೮೯
ಹುನಗುಂದ, ದಿನಾಂಕ ೨೦ ಫೆಬ್ರುವರಿ ೧೯೮೯

ಸುತ್ತೋಲೆ

ವಿಷಯ: ಪಟ್ಟಿ ಹಾಕಿಸಿಕೊಂಡ ನೌಕರರಿಗೆ ಊಟದಲ್ಲಿ ಒತ್ತಾಯ ಮಾಡದಿರುವ ಬಗ್ಗೆ.

ಉಲ್ಲೇಖ: ೧) ಮುಂಬಯಿ ವೈದ್ಯರ ಚೀಟಿ. ೨) ಗುಡೂರಿನ ಶ್ರೀಮತಿ ಬಸಲಿಂಗವ್ವನವರ ಬಾಯಿಮಾತಿನ ತಕರಾರು (ಇಳಕಲ್ಲ ಬಸ್ ನಿಲ್ದಾಣದಲ್ಲಿ, ಜನರೆದುರು).

ಈ ಕಚೇರಿಯ ಗುಮಾಸ್ತ ಶ್ರೀ ಅಮಾತೆಪ್ಪನವರು ಕಳೆದ ವರ್ಷ ಮುಂಬಯಿಗೆ ಹೋಗಿ, ಮೈ ಇಳಿಸಲೆಂದು, ತುಸು ಉಂಡರೂ ಹೊಟ್ಟೆ ತುಂಬುವಂತೆ ಜಠರದ ಮೇಲ್ಭಾಗಕ್ಕೆ ರಬ್ಬರಿನಂಥ ಪಟ್ಟಿ ಹಾಕಿಸಿಕೊಂಡು ಬಂದಿರುತ್ತಾರೆ. ನೂರಾ ನಲವತ್ತೆರಡು ಕಿಲೋ ಇದ್ದವರು ಎಂಟು ತಿಂಗಳಲ್ಲಿ ನೂರಾ ಹದಿಮೂರಕ್ಕೆ ಇಳಿದು, ಕಚೇರಿಯ ಮೆಟ್ಟಿಲುಗಳನ್ನು ನಡುವೆ ಎಲ್ಲೂ ಕೂರದೆ ಹತ್ತುತ್ತಿದ್ದಾರೆ. ನಾಚಿಕೆಯಿಂದ ಈ ಸಂಗತಿಯನ್ನು ಬೀಗರಿಗೆ ತಿಳಿಸಿರುವುದಿಲ್ಲ. ಮಗಳು ಮಾದೇವಿಯ ಮದುವೆಯ ಮಾತಿಗೆ ಗುಡೂರಿಗೆ ಹೋದಾಗ ಎರಡನೆಯ ಹೋಳಿಗೆಗೆ ಕೈ ಅಡ್ಡ ಹಿಡಿದ ಕಾರಣ, ವರನ ತಾಯಿ ಬಸಲಿಂಗವ್ವನವರು "ನಮ್ಮ ಮನಿ ಹೋಳಿಗಿ ಸೇರದವ್ರಿಗೆ ನಮ್ಮ ಮಗಾ ಹ್ಯಾಂಗ ಸೇರ್ತಾನ್ರಿ?" ಎಂದು ಮುಹೂರ್ತವನ್ನು ತಡೆಹಿಡಿದಿರುತ್ತಾರೆ. ಅಂದಿನಿಂದ ಅಮಾತೆಪ್ಪನವರಿಗೆ ಆ ಒಂದು ಹೋಳಿಗೆಯೂ ಇಳಿಯುತ್ತಿಲ್ಲ. ಆದ್ದರಿಂದ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ:

೧. ಸದರಿ ಪಟ್ಟಿಯು ಉಡದಾರವಲ್ಲ. ಚರ್ಮದ ಕೆಳಗೆ ಕೂರಿಸಿದ, ಪಟ್ಟಿಗೆ ನಳಿಕೆಯಿಂದ ಜೋಡಿಸಿದ ಗುಂಡಿಯೊಳಗೆ ಸೂಜಿಯಿಂದ ನೀರು ತುಂಬಿದರೆ ಬಿಗಿ, ತೆಗೆದರೆ ಸಡಿಲು. ಇದು ಮುಂಬಯಿ ವೈದ್ಯರ ಕೆಲಸ. ಪಶು ದವಾಖಾನೆಯ ಕಂಪೌಂಡರ್ ಶ್ರೀ ಮುದಕಪ್ಪನವರು "ಸೂಜಿ ನನ್ನ ಹಂತೇಕೂ ಐತಿ, ಮದಿವಿ ಮುಗಿಯೂತನಕ ಸಡ್ಲ ಮಾಡ್ತೇನಿ ಬಾರಲೇ" ಎಂದಿದ್ದನ್ನು ತಿರಸ್ಕರಿಸಲಾಗಿದೆ. ಎತ್ತಿನ ಸೂಜಿ ನೋಡಿಯೇ ಅಮಾತೆಪ್ಪನವರು ಅರ್ಧ ಕಿಲೋ ಇಳಿದಿರುತ್ತಾರೆ.

೨. ಅವರು ಒಂದು ತುತ್ತನ್ನು ಮೂವತ್ತು ಸಲ ಅಗಿಯುತ್ತಾರೆ. ಎದುರಿಗೆ ಕುಳಿತವರು ಎಣಿಸತಕ್ಕದ್ದಲ್ಲ. ಎಣಿಸಲೇಬೇಕೆಂದರೆ ಮನಸ್ಸಿನಲ್ಲಿ.

೩. "ನನ್ನ ಆಣಿ ಐತಿ, ಇದೊಂದ ತುತ್ತ" ಎನ್ನುವುದನ್ನು ನಿಷೇಧಿಸಲಾಗಿದೆ; ಹೆಚ್ಚಾದರೆ ವಾಂತಿಯಾಗುತ್ತದೆ, ಪಟ್ಟಿ ಜಾರುವ ಅಪಾಯವೂ ಇದೆ. ಆಣೆ ಹಾಕಬಯಸುವವರು ಮೂರು ದಿನ ಮುಂಚಿತವಾಗಿ ಅರ್ಜಿ ಕೊಡತಕ್ಕದ್ದು.

೪. ಬೀಗರ ಮರ್ಯಾದೆಗಾಗಿ ಜೀಪು ಚಾಲಕ ಶ್ರೀ ಖಾಸಿಂಸಾಬರನ್ನು ಬದಲಿ ಉಣ್ಣುವವರನ್ನಾಗಿ ನೇಮಿಸಲಾಗಿದೆ. ಅವರು ಉಂಡದ್ದನ್ನು ಅಮಾತೆಪ್ಪನವರೇ ಉಂಡಂತೆ ಪರಿಗಣಿಸಲಾಗುವುದು. ತೇಗು ಮಾತ್ರ ಅಮಾತೆಪ್ಪನವರೇ ತೇಗತಕ್ಕದ್ದು.

೫. ಪಾಯಸ, ಕರಗಿದ ತುಪ್ಪ ಮುಂತಾದವು ಪಟ್ಟಿಯನ್ನು ಸಲೀಸಾಗಿ ದಾಟುತ್ತವೆಂದು ಅಮಾತೆಪ್ಪನವರು ಕಂಡುಕೊಂಡಿದ್ದು, ಜನವರಿಯಲ್ಲಿ ಅವರ ತೂಕ ಇಳಿಯದೇ ನಿಂತಿರುತ್ತದೆ. ಈ ಕಲಮನ್ನು ಗುಡೂರಿನಲ್ಲಿ ಓದತಕ್ಕದ್ದಲ್ಲ.

೬. ಅವರ ಕುರ್ಚಿಗೆ ಬಡಗಿಯಿಂದ ಹಚ್ಚಿಸಿದ ಐದನೆಯ ಕಾಲನ್ನು ಸದ್ಯ ತೆಗೆಯಬಾರದು. ಇಳಿದ ತೂಕ ಮರಳುವುದೂ ಉಂಟೆಂದು ವೈದ್ಯರ ಚೀಟಿಯಲ್ಲಿದೆ. ಕಲಮು ೫ ನೋಡಿ.

(ಸಹಿ)
ಗುರಲಿಂಗಪ್ಪ
ಕಚೇರಿ ಮುಖ್ಯಸ್ಥರು

ಪ್ರತಿಗಳು:
೧. ಶ್ರೀಮತಿ ಬಸಲಿಂಗವ್ವ, ಗುಡೂರು. ಖಾಸಿಂಸಾಬರು ಓದಿ ಹೇಳಿ ಹೆಬ್ಬೆಟ್ಟು ಪಡೆಯುವುದು.
೨. ಶ್ರೀ ಮುದಕಪ್ಪ, ಸೂಜಿ ಒಳಗಿಡಲು.
೩. ಶ್ರೀ ಅಮಾತೆಪ್ಪ. ಅಂಗಿಯ ಕಿಸೆಯಲ್ಲಿಟ್ಟು, ಎಲೆ ಹಾಕುವ ಮುನ್ನ ತೋರಿಸಲು.
೪. ಐದು ಕಾಲಿನ ಕುರ್ಚಿ. ಬೆನ್ನಿಗೆ ಅಂಟಿಸಲು.

*ಪ್ರತಿ ೧ರ ಹಿಂಬರಹ (ಹೇಳಿದಂತೆ ಬರೆದುಕೊಂಡವರು ಖಾಸಿಂಸಾಬ):* ಓದಿಸಿ ಕೇಳೇನ್ರಿ. ಬೀಗರು ಮೊದಲ ಹೇಳಿದ್ರ ನಾ ಸಿಟ್ಟಾಗ್ತಿದ್ದಿಲ್ಲ. ಶುಕ್ರವಾರ ಬರ್ರಿ ಅನ್ರಿ, ಮುಹೂರ್ತ ತಗಸೂಣು. ಅರ್ಧ ಹೋಳಿಗಿ ಸಾಕು, ಆಣಿ ಹಾಕೂದಿಲ್ಲ. ಐದನೇ ಕಲಮೂ ಓದಿಸೇನಿ. ತುಪ್ಪ ಮಾತ್ರ ಅಳದು ನಾನ ಹಾಕಾಕಿ. — ಬಸಲಿಂಗವ್ವನವರ ಹೆಬ್ಬೆಟ್ಟು.