ಮೂವತ್ತೆರಡು ಹಲ್ಲಿನ ಬ್ಲೇಡು

ಹಲ್ಲಿನ ಡಾಕ್ಟರ ಹೆಂಡತಿಗೆ ಒಬ್ಬ ಸೋದರಮಾವ. ಅವನ ಎಡಗಿವಿ ಪೂರ್ತಿ ಕೇಳುತ್ತಿರಲಿಲ್ಲ, ಬಲಗಿವಿ ತನಗೆ ಬೇಕಾದ್ದನ್ನು ಮಾತ್ರ ಕೇಳುತ್ತಿತ್ತು. ಆ ಶನಿವಾರದ ಅನಾಹುತಕ್ಕೆಲ್ಲ ಮೂಲ ಇಷ್ಟೇ. ಮಾವನ ಕಿವಿ ನೆಟ್ಟಗಿದ್ದಿದ್ದರೆ ಡಾಕ್ಟರು ಫೋನಿನಲ್ಲಿ ಕೂಗಬೇಕಾಗಿರಲಿಲ್ಲ. ಕೂಗದಿದ್ದರೆ ತೆಳ್ಳನೆಯ ಪ್ಲೈವುಡ್ ಗೋಡೆಯಾಚೆ ಸರದಿ ಕಾಯುತ್ತ ಕೂತಿದ್ದ ಒಂಬತ್ತು ಜನರಿಗೆ ಏನೂ ಕೇಳಿಸುತ್ತಿರಲಿಲ್ಲ.

ಡಾಕ್ಟರು ದಿನವಿಡೀ ಬೇರೆಯವರ ಬಾಯೊಳಗೆ ಕೆಲಸ ಮಾಡುವವರು. ಬಾಯಿ ಎಂದ ಮೇಲೆ ನಾಲಗೆ ಅಡ್ಡ ಬರುತ್ತದೆ, ಜೊಲ್ಲು ಬರುತ್ತದೆ, ನಡುನಡುವೆ ಮಾತೂ ಬರುತ್ತದೆ. ಕಬ್ಬಿಣಕ್ಕೆ ಈ ಯಾವ ರೋಗವೂ ಇಲ್ಲ. ಹೀಗಾಗಿ ನಲವತ್ತೆರಡನೇ ವಯಸ್ಸಿನಲ್ಲಿ ಅವರ ಮನಸ್ಸು ಕಬ್ಬಿಣದ ಕಡೆ ವಾಲಿತ್ತು. ಕ್ಲಿನಿಕ್ಕಿನ ಹಿಂದೆ ಮುರುಕು ಕುರ್ಚಿಗಳನ್ನು ತುಂಬಿಟ್ಟಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಗಟ್ಟಿ ಮೇಜೊಂದನ್ನು ಹಾಕಿಸಿ, ಕಬ್ಬಿಣವನ್ನು ಅಲ್ಲಾಡದಂತೆ ಕಚ್ಚಿ ಹಿಡಿಯುವ ವೈಸನ್ನು ಅದಕ್ಕೆ ಕೂರಿಸಿದ್ದರು. ಎರಡು ಸುತ್ತಿಗೆ, ಮೂರು ಅರ, ಒಂದು ಅಳತೆಪಟ್ಟಿ ಬಂದಿದ್ದವು. ಹೆಂಡತಿಗೆ ಹೂಕುಂಡದ ಸ್ಟ್ಯಾಂಡ್ ಮಾಡಿಕೊಡುತ್ತೇನೆಂದು ಹೇಳಿ ಎಂಟು ತಿಂಗಳಾಗಿತ್ತು. ಅದಕ್ಕೆಂದು ತಂದ ಕಬ್ಬಿಣದ ಆಂಗಲ್ ಪಟ್ಟಿಗಳು ಗೋಡೆಗೊರಗಿ ತುಕ್ಕು ಹಿಡಿಯುತ್ತಿದ್ದವು. ಕತ್ತರಿಸುವ ಸಾಧನ ಮಾತ್ರ ಇನ್ನೂ ಬಂದಿರಲಿಲ್ಲ, ಏಕೆಂದರೆ ಯಾವುದೆಂದು ತೀರ್ಮಾನವಾಗಿರಲಿಲ್ಲ. ಹ್ಯಾಕ್ಸಾ ಗರಗಸವೋ, ತಗಡು ಕತ್ತರಿಯೋ, ಚಕ್ರ ತಿರುಗಿಸಿ ಕೊಯ್ಯುವ ಕರೆಂಟಿನ ಗ್ರೈಂಡರೋ. ಬೇರೆಯವರ ಹಲ್ಲು ಕೀಳಬೇಕೋ ಉಳಿಸಬೇಕೋ ಎಂಬುದನ್ನು ಅರ್ಧ ನಿಮಿಷದಲ್ಲಿ ಹೇಳಬಲ್ಲ ಮನುಷ್ಯ ಈ ಒಂದು ವಿಷಯದಲ್ಲಿ ಎಂಟು ತಿಂಗಳಿಂದ ತೂಗುಯ್ಯಾಲೆಯಾಡುತ್ತಿದ್ದರು.

ಮಾವನದು ಕಬ್ಬಿಣದ ಸಾಮಾನಿನ ಅಂಗಡಿ. ಅದಕ್ಕೂ ಮೊದಲು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಅಂದು ಬೆಳಿಗ್ಗೆ ಮೊದಲ ರೋಗಿಯನ್ನು ಕಳಿಸಿ, ಎರಡನೆಯವರನ್ನು ಕರೆಯುವ ಮುಂಚೆ ಎರಡೇ ನಿಮಿಷ ಕೇಳಿಬಿಡೋಣವೆಂದು ಡಾಕ್ಟರು ಅವನಿಗೆ ಫೋನ್ ಹಚ್ಚಿದರು.

ಹೊರಗಿನ ಬೆಂಚಿನಲ್ಲಿ ಮೊದಲು ಕೂತಿದ್ದವರು ಹೆಡ್‌ಮಾಸ್ಟರು. ಅವರ ಬಲಗೆನ್ನೆ ನಿಂಬೆಹಣ್ಣು ಬಚ್ಚಿಟ್ಟುಕೊಂಡಂತೆ ಊದಿತ್ತು. ಎದುರಿನ ಮೇಜಿನಲ್ಲಿ ಡಾಕ್ಟರ ಚಿಕ್ಕಮ್ಮ. ಬಂದವರ ಹೆಸರು ಬರೆದುಕೊಳ್ಳುವುದು ಅವರ ಕೆಲಸ. ಧೈರ್ಯ ಹೇಳುವುದು ಅವರಾಗಿಯೇ ಹಚ್ಚಿಕೊಂಡ ಕೆಲಸ.

"ಮಾವ, ಮೊದ್ಲು ಹಲ್ಲಿನ ವಿಷಯ ಹೇಳಿ," ಎಂದಿತು ಗೋಡೆ. "ಹದಿನೆಂಟಾ, ಮೂವತ್ತೆರಡಾ? ಮೂವತ್ತೆರಡೂ ಇದ್ರೆ ನುಣ್ಣಗೆ ಕೊಯ್ಯುತ್ತೆ, ಸರಿ."

ಹೆಡ್‌ಮಾಸ್ಟರು ಪೇಪರನ್ನು ಮೂಗಿನಿಂದ ಕೆಳಗಿಳಿಸಿದರು.

"ಅಲ್ಲಾಡೋದೆಲ್ಲಿ ಬಂತು ಮಾವ, ವೈಸಲ್ಲಿ ಬಿಗಿದುಬಿಡ್ತೀನಿ. ಎರಡೂ ಕಡೆಯಿಂದ ಒತ್ತಿ ತಿರುಪಿದ್ರೆ ಎಲ್ಲಿಗೆ ಹೋಗುತ್ತೆ?"

ಬೆಂಚಿನಲ್ಲಿ ಮೂರನೆಯವಳಾಗಿ ಕೂತಿದ್ದ ಹೆಂಗಸು ಮಡಿಲಿನ ಚೀಲವನ್ನು ಎದೆಗೆ ಅವಚಿಕೊಂಡಳು.

"ಗ್ರೈಂಡರ್ ಆದ್ರೆ ಎರಡೇ ನಿಮಿಷ ಅಂತೀರಿ, ಕಿಡಿ ಹಾರುತ್ತಲ್ಲ. ಹೂಂ, ನಾನೇನೋ ಕನ್ನಡಕ ಹಾಕ್ಕೋತೀನಿ. ಮೊದ್ಲು ಹಳೇದ್ರ ಮೇಲೆ ಕೈ ಪಳಗಿಸ್ಕೋತೀನಿ, ಅದು ಹಾಳಾದ್ರೂ ಪರವಾಗಿಲ್ಲ."

ಹೆಡ್‌ಮಾಸ್ಟರು ಸಾಲನ್ನೊಮ್ಮೆ ನೋಡಿದರು. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಹಳಬರು ಅವರೇ. ಎದ್ದು ಮೇಜಿನ ಬಳಿ ಹೋಗಿ, "ಏನಮ್ಮ, ಒಳಗೆ ಏನು ನಡೀತಿದೆ?" ಎಂದು ಕೇಳಿದರು.

"ಅದಾ? ಕೊಯ್ಯೋಕೆ ಹೊಸ ಸಾಮಾನು ತರಿಸ್ತಿದಾನೆ," ಎಂದರು ಚಿಕ್ಕಮ್ಮ. "ಎಂಟು ತಿಂಗಳಿಂದ ಅವನಿಗೆ ಅದೇ ಧ್ಯಾನ. ಊಟ ಮಾಡ್ತಾನೂ ಅದೇ ಮಾತು. ನೀವು ಕೂತ್ಕೊಳಿ, ಬಂದೇಬಿಡುತ್ತೆ."

ಕಾಲು ಗಂಟೆಯೊಳಗೆ ಬಂದೇಬಿಟ್ಟಿತು. ಮಾವ ಅಂಗಡಿಯಿಂದ ನೇರ ಸ್ಕೂಟರಿನಲ್ಲಿ ಬಂದು, ಗೋಣಿಚೀಲವೊಂದನ್ನು ವಾರಪತ್ರಿಕೆಗಳಿದ್ದ ಟೀಪಾಯಿಯ ಮೇಲೆ ಬೋರಲು ಸುರಿದ. ಹ್ಯಾಕ್ಸಾ ಬಿತ್ತು. ಮೊಳದುದ್ದದ ತಗಡು ಕತ್ತರಿ ಬಿತ್ತು. ತಟ್ಟೆಯಗಲದ ಚಕ್ರ ಹೊತ್ತ ಗ್ರೈಂಡರು ಕೊನೆಗೆ ಬಿದ್ದು, ಟೀಪಾಯಿ ಒಂದು ಸಲ ನರಳಿತು.

"ಅಳಿಯಂದ್ರಿಗೆ ಹೇಳಮ್ಮ, ಮೂರನ್ನೂ ತಂದಿದೀನಿ," ಎಂದ ಮಾವ, ಕಿವಿ ಮಂದವಿದ್ದವರು ಮಾತಾಡುವ ದನಿಯಲ್ಲಿ. "ಯಾವುದು ಕೈಗೆ ಒಗ್ಗುತ್ತೋ ಇಟ್ಕೊಳ್ಳಲಿ. ಅಭ್ಯಾಸ ಇಲ್ಲದ ಕೈ ನೋಡು, ಮೊದಲ ನಾಕೈದು ಹೇಗೂ ಕೆಟ್ಟು ಹೋಗುತ್ವೆ. ನಾನು ಕಲಿಯೋವಾಗ ಎಷ್ಟು ಕೆಡಿಸಿಲ್ಲ."

ಮೊದಲ ನಾಲ್ಕೈದರಲ್ಲಿ ತಾವು ಬರುತ್ತೇವೆಯೇ ಎಂದು ಒಂಬತ್ತು ಜನರೂ ಮನಸ್ಸಿನಲ್ಲೇ ಸಾಲನ್ನು ಎಣಿಸಿಕೊಂಡರು.

ಚಿಕ್ಕಮ್ಮನಿಗೆ ಅವರ ಮುಖಗಳು ಬಿಳಿಚಿಕೊಂಡದ್ದು ಕಾಣಿಸಿತು. "ಯಾರೂ ಗಾಬರಿ ಆಗ್ಬೇಡಿ," ಎಂದು ಧೈರ್ಯ ಹೇಳಿದರು. "ಮೂರನ್ನೂ ಒಟ್ಟಿಗೆ ಉಪಯೋಗಿಸಲ್ಲ. ಪ್ರಯೋಗ ಮಾಡಿ ನೋಡಿ, ಒಂದನ್ನ ಮಾತ್ರ ಇಟ್ಕೋತಾನೆ."

ಚೀಲದ ಹೆಂಗಸಿಗೆ ಒಲೆ ಆರಿಸಿದ್ದೆನೋ ಇಲ್ಲವೋ ಎಂಬ ಅನುಮಾನ ಬಂತು. ಅವಳ ಪಕ್ಕದವನಿಗೆ ನೋವು ಇದ್ದಕ್ಕಿದ್ದಂತೆ ವಾಸಿಯಾಯಿತು. ಇನ್ನೊಬ್ಬ ಫೋನು ಬಾರದಿದ್ದರೂ ಫೋನು ಬಂದವನಂತೆ ಕಿವಿಗಿಟ್ಟುಕೊಂಡು ಹೊರನಡೆದ. ಹೆಡ್‌ಮಾಸ್ಟರು ಮೂವತ್ತು ವರ್ಷ ಮಕ್ಕಳ ನೆಪಗಳನ್ನು ಕೇಳಿದ್ದವರು. ತಮ್ಮ ಸರದಿ ಬಂದಾಗ ಒಂದು ನೆಪವೂ ಹೊಳೆಯದೆ, ಕೆನ್ನೆ ಹಿಡಿದುಕೊಂಡು ಸುಮ್ಮನೆ ನಡೆದುಬಿಟ್ಟರು.

ಫೋನ್ ಇಟ್ಟವರೇ ಹಿಂದಿನ ಕೋಣೆಯಲ್ಲಿ ಆಂಗಲ್ ಅಳೆಯುತ್ತ ಹೊತ್ತು ಮರೆತಿದ್ದ ಡಾಕ್ಟರು ಬಂದು ಬಾಗಿಲು ತೆರೆದು "ಮುಂದಿನವರು ಬನ್ನಿ" ಎಂದಾಗ ಬೆಂಚಿನಲ್ಲಿ ಮಾವ ಒಬ್ಬನೇ ಇದ್ದ.

"ಎಲ್ರೂ ಹೋದ್ರು ಕಣೋ," ಎಂದರು ಚಿಕ್ಕಮ್ಮ. "ಹಿಂದಿನ ಬೀದಿಯ ಹೊಸ ಡಾಕ್ಟ್ರ ಕಡೆಗೆ ತಿರುಗಿದ್ದನ್ನ ಕಣ್ಣಾರೆ ಕಂಡೆ. ನಾನು ಎಷ್ಟು ಧೈರ್ಯ ಹೇಳಿದೆ ಗೊತ್ತಾ."

"ಏನಂತ ಹೇಳಿದೆ ಚಿಕ್ಕಮ್ಮ?"

ಅವರು ಹೇಳಿದರು. ಡಾಕ್ಟರು ಟೀಪಾಯಿಯನ್ನು ನೋಡಿದರು, ಗೋಡೆಯನ್ನು ನೋಡಿದರು, ಆಮೇಲೆ ಬೆಂಚಿನ ತುದಿಯಲ್ಲಿ ಕೂತರು. ಹಿಂದಿನ ಬೀದಿಯ ಹುಡುಗ ಗಾಜಿನ ಬಾಗಿಲು, ಮೀನಿನ ತೊಟ್ಟಿ ಎಲ್ಲ ಇಟ್ಟು ಅಂಗಡಿ ತೆರೆದು ಆರು ತಿಂಗಳಾಗಿತ್ತು. ಅಲ್ಲಿಂದೀಚೆಗೆ ಇವರ ರೋಗಿಗಳು ಒಬ್ಬೊಬ್ಬರಾಗಿ ಸೋರಿಹೋಗುತ್ತಿದ್ದರು. ಇಡೀ ಸಾಲು ಒಟ್ಟಿಗೆ ಎದ್ದುಹೋದದ್ದು ಇದೇ ಮೊದಲು.

"ನಾನೇ ಹೋಗಿ ಕರ್ಕೊಂಡು ಬರ್ಲಾ?"

"ಡಾಕ್ಟ್ರು ಎಲ್ಲಾದ್ರೂ ಪೇಷೆಂಟ್ ಹಿಂದೆ ಓಡ್ತಾರೇನೋ?" ಎಂದರು ಚಿಕ್ಕಮ್ಮ. "ಅವರ ಫೋನ್ ನಂಬರೆಲ್ಲ ನನ್ನ ಹತ್ರ ಇದೆ. ನಿಧಾನಕ್ಕೆ ಹೇಳ್ತೀನಿ ಬಿಡು."

"ಹೇಗೂ ಕೆಲಸ ಇಲ್ಲ," ಎಂದ ಮಾವ, ಈ ಮಾತುಗಳಲ್ಲಿ ಒಂದೂ ಕೇಳಿಸದೆ. "ಬನ್ನಿ ಅಳಿಯಂದ್ರೇ, ಸಾಮಾನು ನೋಡೋಣ."

ಹಿಂದಿನ ಕೋಣೆಗೆ ಹೋಗಿ ತಗಡು ಕತ್ತರಿಯನ್ನು ಮೊದಲು ನೋಡಿದರು. ಅದು ತಗಡಿಗೆ ಮಾತ್ರ, ಆಂಗಲ್ಲಿಗೆ ಹಾಕಿದರೆ ಕತ್ತರಿಯೇ ನಗುತ್ತದೆ ಎಂದ ಮಾವ. ಡಾಕ್ಟರು ಆದರೂ ಹಾಕಿದರು. ಆಂಗಲ್ ಹಾಗೇ ಇತ್ತು, ಅಂಗೈ ಕೆಂಪಾಯಿತು.

ಎರಡನೆಯದು ಗ್ರೈಂಡರ್. ಪ್ಲಗ್ಗು ಹಾಕಿ ಗುಂಡಿ ಒತ್ತಿದ್ದೇ ತಡ, ಊರಿನ ಹಲ್ಲುಗಳನ್ನೆಲ್ಲ ಒಟ್ಟಿಗೆ ಕೊರೆದಂಥ ಸದ್ದೆದ್ದಿತು. ಮೇಜಿನ ಮೇಲೆ ಕಿಡಿಗಳು ಚದುರಿದವು. ಡಾಕ್ಟರ ಹೆಂಡತಿ ಒದ್ದೆ ಕೈಯಲ್ಲೇ ಕ್ಲಿನಿಕ್ಕಿಗೆ ಅಂಟಿಕೊಂಡಿದ್ದ ಮನೆಯಿಂದ ಓಡಿಬಂದಳು.

"ಅಲ್ಲಾ ರೀ, ಬೀದಿಯವರೆಲ್ಲ ಕಿಟಕಿ ಹಾಕ್ಕೊಂಡ್ರು. ಹಲ್ಲಿನ ಆಸ್ಪತ್ರೆಯಿಂದ ಈ ಸದ್ದು ಬಂದ್ರೆ, ನಾಳೆ ನಮ್ಮ ಬಾಗಿಲಿಗೆ ಹಾಲಿನವನಾದ್ರೂ ಬರ್ತಾನಾ?"

ಗ್ರೈಂಡರು ಚೀಲಕ್ಕೆ ಮರಳಿತು. ಉಳಿದದ್ದು ಹ್ಯಾಕ್ಸಾ. ಎಂಟು ತಿಂಗಳ ಪ್ರಶ್ನೆಗೆ ಹತ್ತು ನಿಮಿಷದಲ್ಲಿ ಉತ್ತರ ಸಿಕ್ಕಿತ್ತು. ಮಾವ ಬ್ಲೇಡನ್ನು ಚೌಕಟ್ಟಿಗೆ ಸಿಕ್ಕಿಸಿ ಬಿಗಿ ಮಾಡಿದ. "ದಪ್ಪ ಕಬ್ಬಿಣಕ್ಕೆ ದೊಡ್ಡ ಹಲ್ಲು. ಇದು ತೆಳುವಾಗಿದೆ, ಇಂಚಿಗೆ ಮೂವತ್ತೆರಡಿರೋದೇ ಸರಿ. ಹಲ್ಲು ಮುಂದಕ್ಕೆ ಮುಖ ಮಾಡಿರಬೇಕು. ಹೋಗೋವಾಗ ಒತ್ತಿ, ಬರೋವಾಗ ಬಿಡಿ."

ಡಾಕ್ಟರು ಒತ್ತಿದರು, ಬಿಟ್ಟರು. ಬೂದು ಪುಡಿ ಉದುರಿ, ಆಂಗಲ್ಲಿನಲ್ಲಿ ಗೆರೆ ಬಿತ್ತು. ಗೆರೆ ಆಳವಾಯಿತು. ಬೆಳಗಿನಿಂದ ಮೊದಲ ಸಲ ಅವರ ಮುಖ ಅರಳಿತು. ಎದ್ದುಹೋದ ಒಂಬತ್ತು ಜನ, ಮೀನಿನ ತೊಟ್ಟಿ, ಎಲ್ಲವೂ ಮರೆತುಹೋದವು. ಮುಕ್ಕಾಲು ಪಾಲು ಕೊಯ್ದಾಗ ತೋಳು ಸೋತಿತು.

"ಈಗ ನಿಲ್ಲಿಸ್ಬೇಡಿ ಅಳಿಯಂದ್ರೇ," ಎಂದ ಮಾವ. "ಹಲ್ಲು ಕಚ್ಚಿ ಒತ್ತಿ."

ಹಲ್ಲು ಕಚ್ಚಬಾರದೆಂದು ಹದಿನೈದು ವರ್ಷದಿಂದ ಊರಿಗೆಲ್ಲ ಬುದ್ಧಿ ಹೇಳಿದ್ದ ಡಾಕ್ಟರು ಹಲ್ಲು ಕಚ್ಚಿ ಒತ್ತಿದರು. ಟಕ್ ಎಂದಿತು.

"ಬ್ಲೇಡ್ ಮುರೀತಾ?" ಎಂದಳು ಹೆಂಡತಿ.

ಮಾವ ಬ್ಲೇಡನ್ನು ಬೆಳಕಿಗೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿದ. "ಒಂದು ಹಲ್ಲೂ ಹೋಗಿಲ್ಲ."

"ಹೋಗಿದೆ," ಎಂದರು ಡಾಕ್ಟರು, ದವಡೆ ಹಿಡಿದುಕೊಂಡು.

ತಮ್ಮ ಕುರ್ಚಿಯಲ್ಲಿ ತಾವೇ ಮಲಗಿ, ಎಡಗೈಯಲ್ಲಿ ಕನ್ನಡಿ ಹಿಡಿದು ನೋಡಿಕೊಂಡರು. ಕೆಳದವಡೆಯ ಹಲ್ಲೊಂದು ಅರ್ಧಕ್ಕೆ ಸೀಳಿತ್ತು. ತಾವೇ ಸರಿಮಾಡಿಕೊಳ್ಳೋಣವೆಂದು ಹೊರಟರೆ, ಕನ್ನಡಿಯಲ್ಲಿ ಎಡ ಬಲವಾಗಿ, ಹಲ್ಲು ಕೆದಕುವ ಕಡ್ಡಿ ಎರಡು ಸಲ ಒಸಡಿಗೆ ಚುಚ್ಚಿತು. ದೀಪ ಹಿಡಿದಿದ್ದ ಚಿಕ್ಕಮ್ಮ, "ಹೆದರ್ಬೇಡ, ಒಂದೇ ನಿಮಿಷ," ಎಂದರು, ಅಭ್ಯಾಸಬಲದಿಂದ.

"ಹಿಂದಿನ ಬೀದಿಗೆ ಹೋಗಿಬನ್ನಿ," ಎಂದಳು ಹೆಂಡತಿ.

"ಆ ಹುಡುಗನ ಹತ್ರ ನಾನಾ?"

ಅಷ್ಟರಲ್ಲಿ ನೋವು ಇನ್ನೊಂದು ಸಲ ಜಗ್ಗಿತು. ಡಾಕ್ಟರು ಕತ್ತಿನ ಸುತ್ತ ಮಫ್ಲರ್ ಸುತ್ತಿಕೊಂಡು, ಯಾರ ಕಣ್ಣಿಗೂ ಬೀಳದಂತೆ ಓಣಿಯಲ್ಲಿ ನಡೆದರು. ಊಟದ ಹೊತ್ತು, ಬೆಳಗಿನ ಮಂದಿ ಅಲ್ಲಿಂದ ಎಂದೋ ಕರಗಿರುತ್ತಾರೆ ಎಂಬುದು ಅವರ ಲೆಕ್ಕಾಚಾರ.

ಗಾಜಿನ ಬಾಗಿಲು ತಳ್ಳಿದರೆ ಒಂಬತ್ತು ಜನರೂ ಅಲ್ಲೇ ಇದ್ದರು. ಎಲ್ಲರೂ ಎದ್ದು ನಿಂತಿದ್ದರು. ಹೆಡ್‌ಮಾಸ್ಟರು ಚಪ್ಪಲಿಯನ್ನೂ ಮೆಟ್ಟಿಯಾಗಿತ್ತು.

"ನೂರು ವರ್ಷ ನಿಮಗೆ ಡಾಕ್ಟ್ರೇ, ನಿಮ್ಮ ಹತ್ರಾನೇ ಹೊರಟಿದ್ವಿ," ಎಂದರು ಅವರು. "ಈಗಷ್ಟೇ ನಿಮ್ಮ ಚಿಕ್ಕಮ್ಮ ಫೋನ್ ಮಾಡಿದ್ರು. ಹೂಕುಂಡದ ಸ್ಟ್ಯಾಂಡಂತೆ, ಅದಕ್ಕಂತೆ ಗರಗಸ. ನಾವೆಂಥ ಪೆದ್ದರು ನೋಡಿ." ಆಮೇಲೆ ದನಿ ತಗ್ಗಿಸಿದರು. "ಇಲ್ಲಿ ಎರಡು ಗಂಟೆ ಹೊತ್ತಿನಿಂದ ಕೂತಿದೀವಿ. ಹುಡುಗ ಕರೀತಾನೆ, ನಾವು ಒಬ್ಬರಿಗೊಬ್ಬರು ನೀವು ಹೋಗಿ, ನೀವು ಹೋಗಿ ಅಂತೀವಿ. ಮೀಸೆ ಕೂಡ ಸರಿಯಾಗಿ ಬಂದಿಲ್ಲ, ಅವನ ಕೈಗೆ ಬಾಯಿ ಕೊಡೋಕೆ ಯಾರಿಗೂ ಧೈರ್ಯ ಇಲ್ಲ. ನಮ್ಮನ್ನ ಕರೆಯೋಕೆ ಬಂದ್ರಲ್ಲ, ದೊಡ್ಡ ಗುಣ ನಿಮ್ದು. ನಡೀರಿ ಹೋಗೋಣ."

ಡಾಕ್ಟರು ಒಂದು ಸಲ ಹೂಂಗುಟ್ಟಿದ್ದರೆ ಸಾಕಿತ್ತು. ನೋವನ್ನು ಸಂಜೆವರೆಗೆ ನುಂಗಿಕೊಂಡರಾಯಿತೆಂದು ಅವರು ಬಾಗಿಲ ಕಡೆಗೆ ತಿರುಗಿಯೂ ಬಿಟ್ಟಿದ್ದರು.

ಅಷ್ಟರಲ್ಲಿ ಒಳಬಾಗಿಲು ತೆರೆದು ಹುಡುಗ ಡಾಕ್ಟರ್ ಕೈಮುಗಿಯುತ್ತ ಬಂದ. "ಬನ್ನಿ ಸಾರ್, ನಿಮಗೇ ಕಾಯ್ತಿದ್ದೆ. ನಿಮ್ಮ ಮನೆಯವ್ರು ಫೋನ್ ಮಾಡಿ ಹಲ್ಲು ಸೀಳಿದೆ ಅಂದ್ರು. ನಿಮ್ಮಂಥ ಹಿರಿಯರು ತಮ್ಮ ಹಲ್ಲನ್ನ ನನ್ನ ಕೈಗೆ ಕೊಡೋದು ಅಂದ್ರೆ ನನ್ನ ಭಾಗ್ಯ."

ಹೆಡ್‌ಮಾಸ್ಟರು ಡಾಕ್ಟರ ಮಫ್ಲರನ್ನು ನೋಡಿದರು. ಹುಡುಗನನ್ನು ಹೊಸದಾಗಿ ನೋಡುವಂತೆ ನೋಡಿದರು. ಆಮೇಲೆ ಚಪ್ಪಲಿ ಕಳಚಿ ತಮ್ಮ ಕುರ್ಚಿಗೆ ಹೋಗಿ ಕೂತರು. ಉಳಿದ ಎಂಟು ಜನರೂ ಒಬ್ಬೊಬ್ಬರಾಗಿ ಕೂತರು.

"ನೀವು ಮೊದ್ಲು ಹೋಗಿ ಡಾಕ್ಟ್ರೇ," ಎಂದರು ಹೆಡ್‌ಮಾಸ್ಟರು. "ಹೇಗೆ ಮಾಡ್ತಾರೆ ಅಂತ ಬಂದು ಹೇಳಿ. ನಿಮ್ಮ ಮಾತಿನ ಮೇಲೆ ನಮಗೆ ನಂಬಿಕೆ ಇದೆ."

ಅರ್ಧ ಗಂಟೆಯ ನಂತರ ಡಾಕ್ಟರು ಹೊರಬಂದರು. ಒಂಬತ್ತು ಮುಖಗಳು ಒಟ್ಟಿಗೆ ಅವರತ್ತ ತಿರುಗಿದವು. ಹುಡುಗನ ಕೈ ಹಗುರವಾಗಿತ್ತು, ಸ್ವಲ್ಪವೂ ನೋವಾಗಿರಲಿಲ್ಲ. ಆದರೆ ಅದನ್ನು ಹೇಳುವ ಮನಸ್ಸು ಅವರಿಗಿರಲಿಲ್ಲ. ಅಷ್ಟೇನಿಲ್ಲ, ಪರವಾಗಿಲ್ಲ ಎಂದು ಮುಖ ಸಿಂಡರಿಸೋಣವೆಂದುಕೊಂಡರು. ಚುಚ್ಚಿದ್ದ ಮದ್ದಿಗೆ ಅರ್ಧ ಬಾಯಿ ಮರಗಟ್ಟಿತ್ತು. ಮಾತು ಹೊರಡಲಿಲ್ಲ, ತುಟಿಯ ಒಂದು ತುದಿ ಮಾತ್ರ ತಾನಾಗಿಯೇ ಮೇಲಕ್ಕೆ ಎಳೆದುಕೊಂಡಿತು.

"ನೋಡಿದ್ರಾ, ನಗ್ತಾ ಬಂದ್ರು," ಎಂದು ಹೆಡ್‌ಮಾಸ್ಟರು ಎದ್ದು ಒಳಗೆ ಹೋದರು.